ಗಡಿಯ ಈಚೆಗೆ ಬಂದ ಕೃಷ್ಣಮೃಗಗಳು

ಬೇಟೆ ನಡೆಯುತ್ತಿದೆ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಇದು: "ದಿಲ್ಲಿಯಲ್ಲೋ, ಹರಿಯಾಣದಲ್ಲೋ?"

ಯಾವ ಪ್ರಾಣಿ, ಎಷ್ಟು ಜನ, ಗಾಡಿಯ ನಂಬರೇನು, ಬಂದೂಕು ಇದೆಯೋ ಬಲೆ ಇದೆಯೋ, ಇವೆಲ್ಲ ಆಮೇಲೆ. ಹರಿಯಾಣ ಎಂದರೆ "ಅಲ್ಲಿನ ಇಲಾಖೆಗೆ ತಿಳಿಸಿ" ಎಂದು ಹೇಳಿ ಫೋನ್ ಇಡಬೇಕು. ದಿಲ್ಲಿ ಎಂದರೆ ಚೀಟಿ ಬರೆದು ಸಾಹೇಬರ ಮೇಜಿಗೆ ಒಯ್ಯಬೇಕು. ಸಾಹೇಬರು ಸಹಿ ಹಾಕಿದ ಮೇಲೆ ಜೀಪು. ಜೀಪು ಮೊದಲು ಹೋಗುವುದು ಪೊಲೀಸ್ ಠಾಣೆಗೆ, ಯಾಕೆಂದರೆ ನಮ್ಮ ಇನ್ಸ್‌ಪೆಕ್ಟರ್ ಕೈಯಲ್ಲಿ ಬೆತ್ತ ಬಿಟ್ಟರೆ ಬೇರೇನೂ ಇರಲಿಲ್ಲ. ಬಂದೂಕಿನವರ ಎದುರು ಹೋಗಲು ಬಂದೂಕಿನ ಪೇದೆಯೊಬ್ಬ ಬೇಕು. ಠಾಣೆಯವರು ಚೀಟಿ ಓದಿ ಮತ್ತೆ ಅದೇ ಪ್ರಶ್ನೆ ಕೇಳುತ್ತಿದ್ದರು. ಇಷ್ಟೆಲ್ಲ ಮುಗಿಸಿ ಜೀಪು ಸ್ಥಳಕ್ಕೆ ತಲುಪುವ ಹೊತ್ತಿಗೆ ಅಲ್ಲಿ ಏನು ಉಳಿದಿರುತ್ತಿತ್ತು ಎಂದು ನೀವೇ ಊಹಿಸಬಹುದು.

ಎಪ್ಪತ್ತರ ದಶಕದ ನಡುವಿನ ಮಾತು. ವನ್ಯಜೀವಿ ಕಾಯಿದೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ನಮ್ಮ ಕಚೇರಿಯೂ ಅಷ್ಟೇ ಎಳೆಯದು. ಯುದ್ಧದ ಕಾಲದ ಹಳೆಯ ಬ್ಯಾರಕ್ಕಿನಲ್ಲಿ ಎರಡು ಕೋಣೆ, ಒಬ್ಬರು ಸಾಹೇಬರು, ಒಬ್ಬ ಇನ್ಸ್‌ಪೆಕ್ಟರ್, ಒಂದು ಜೀಪು, ಒಂದು ಫೋನು, ಫೋನಿನ ಪಕ್ಕದಲ್ಲಿ ನಾನು. ಸಾಹೇಬರು ಮೈಸೂರಿನ ಕಡೆಯವರು. ಎದುರಿಗೆ ಬೇರೆ ಯಾರೂ ಇಲ್ಲದಾಗ ನನ್ನೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದರು. ನಾನು ದಿಲ್ಲಿಯಲ್ಲೇ ಹುಟ್ಟಿದವಳು. ನನ್ನ ಕನ್ನಡ ಅಜ್ಜಿಯ ಬಾಯಿಂದಲೂ ಸೋದರಮಾವನ ಹೋಟೆಲಿನ ಅಡುಗೆಮನೆಯಿಂದಲೂ ಬಂದದ್ದು. "ನಿಮ್ಮ ಕನ್ನಡಕ್ಕೆ ಇಡ್ಲಿಯ ಆವಿ ಹತ್ತಿದೆ ಕಣಮ್ಮ" ಎಂದು ಸಾಹೇಬರು ನಗುತ್ತಿದ್ದರು.

ಒಂದು ಬೆಳಿಗ್ಗೆ ಫೋನಿನಲ್ಲಿ ಒಬ್ಬ ಹೆಂಗಸಿನ ಧ್ವನಿ. ಹೊಲದ ಆ ತುದಿಯಿಂದ ಈ ತುದಿಗೆ ಕೂಗುವ ಹಾಗೆ ಕೂಗುತ್ತಿದ್ದರು. ನಜಫ್‌ಗಢದ ಆಚೆ, ಜೀಲು ಎಂದು ಕರೆಯುವ ದೊಡ್ಡ ಕೆರೆಯ ಅಂಚಿನ ಹಳ್ಳಿ. ಅಲ್ಲಿನ ಅಂಚೆ ಕಚೇರಿಯ ಫೋನು. ಜೀಪಿನಲ್ಲಿ ಬಂದವರು ಹಿರಣಗಳನ್ನು, ಅಂದರೆ ಜಿಂಕೆಗಳನ್ನು, ಅಟ್ಟಿಕೊಂಡು ಹೋಗಿ ಹೊಡೆಯುತ್ತಿದ್ದಾರೆ ಎಂದರು. ಅವರ ಹರಿಯಾಣವಿಯನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ, ಹುಡುಗಿ ಎನ್ನಲು ಅವರು ಕರೆಯುತ್ತಿದ್ದ 'ಛೋರೀ' ಒಂದನ್ನು ಬಿಟ್ಟು.

"ದಿಲ್ಲಿಯಲ್ಲೋ, ಹರಿಯಾಣದಲ್ಲೋ?" ಎಂದೆ.

"ಹಿರಣಕ್ಕೇನು ಗೊತ್ತು ಛೋರೀ? ಬೆಳಿಗ್ಗೆ ಇಲ್ಲಿ ಮೇಯುತ್ತೆ, ಸಂಜೆ ಅಲ್ಲಿ."

"ಗುಂಡು ಹಾರಿಸಿದ್ದು ಎಲ್ಲಿ, ಮಾಜೀ?"

"ಹೊಟ್ಟೆಗೆ! ನೀನು ಮೊದಲು ಯಾರನ್ನಾದರೂ ಕಳಿಸು."

ದಿಲ್ಲಿ ಎಂದೇ ಚೀಟಿ ಬರೆದೆ. ಜೀಪು ಹೋಯಿತು. ಸಂಜೆ ಇನ್ಸ್‌ಪೆಕ್ಟರ್ ಬಂದು ನನ್ನ ಮೇಜಿನ ಎದುರಿನ ಸ್ಟೂಲಿನ ಮೇಲೆ ಕುಸಿದರು. ಪಂಜಾಬಿ, ದಪ್ಪ ಆಳು, ನಕ್ಕರೆ ಕಿಟಕಿಯ ಗಾಜು ಅದುರುತ್ತಿತ್ತು. ಅವತ್ತು ಅವರು ನಗಲಿಲ್ಲ. "ಗಡಿಕಲ್ಲಿನ ಮೇಲೆ ಕೂತು ಸಿಗರೇಟು ಸೇದಿ ಹೋಗಿದ್ದಾರೆ ಮೇಡಂಜೀ. ತುಂಡುಗಳನ್ನು ಮಾತ್ರ ಆ ಕಡೆಗೆ ಎಸೆದಿದ್ದಾರೆ. ಕಾನೂನು ಓದಿದವರು."

ದಿಲ್ಲಿಗೂ ಹರಿಯಾಣಕ್ಕೂ ನಡುವಿನ ಗೆರೆ ಆ ಕೆರೆಯ ತಳದ ಮೇಲೇ ಹಾದುಹೋಗಿತ್ತು. ನೀರು ಇಂಗಿದ ಮೇಲೆ ಮೈಲಿಗಟ್ಟಲೆ ಬಯಲು. ಜೌಗು ಹುಲ್ಲು, ಉಪ್ಪು ಹೂತ ಬಿಳಿ ನೆಲ, ಅಲ್ಲಲ್ಲಿ ಒಂದೊಂದು ಕಲ್ಲು. ಆ ಬಯಲಿನಲ್ಲಿ ಕೃಷ್ಣಮೃಗಗಳ ಒಂದು ಹಿಂಡು ಉಳಿದಿತ್ತು. ಈಗ ದ್ವಾರಕಾ ಎನ್ನುವ ಕಡೆ, ನನ್ನಂಥ ನಿವೃತ್ತರು ಫ್ಲ್ಯಾಟುಗಳಲ್ಲಿ ಕೂತು ಮೆಟ್ರೋ ನೋಡುವ ಕಡೆ, ಆಗ ಬರೀ ಹೊಲಗಳಿದ್ದವು. ಅವನ್ನು ದಾಟಿ ಇನ್ನೂ ಮುಂದಕ್ಕೆ ಹೋದರೆ ಆ ಬಯಲು.

ಫೋನುಗಳು ಬರುತ್ತಲೇ ಇದ್ದವು. ಒಮ್ಮೆ ಜೀಪು ವರ್ಕ್‌ಶಾಪಿನಲ್ಲಿತ್ತು. ಒಮ್ಮೆ ಠಾಣೆಯ ಪೇದೆಗಳೆಲ್ಲ ಯಾವುದೋ ಮಂತ್ರಿಯ ಬಂದೋಬಸ್ತಿಗೆ ಹೋಗಿದ್ದರು. ಒಮ್ಮೆ ಎಲ್ಲವೂ ಸರಿಯಾಗಿ, ಇನ್ಸ್‌ಪೆಕ್ಟರ್ ತಲುಪಿದಾಗ ಒಂದು ಹೆಣ್ಣುಜಿಂಕೆ ಇನ್ನೂ ಉಸಿರಾಡುತ್ತಿತ್ತಂತೆ, ಆದರೆ ಗಡಿಕಲ್ಲಿನ ಆಚೆ ಬಿದ್ದಿತ್ತು. ಅವರು ಮುಟ್ಟುವ ಹಾಗಿಲ್ಲ. ಗುಡಗಾಂವಿನ ಅಧಿಕಾರಿಗೆ ನಾನು ಟ್ರಂಕ್ ಕಾಲ್ ಹಾಕಿದೆ. ಲೈನು ಸಿಕ್ಕಿ, ಅವರು ಸಿಕ್ಕಿ, ಅವರ ಗಾರ್ಡು ಸೈಕಲ್ ತುಳಿದುಕೊಂಡು ಬರುವಷ್ಟರಲ್ಲಿ ಅದು ಸತ್ತಿತ್ತು. ಆ ಗಾರ್ಡು ಗಾಯ ನೋಡಿ, ಗುಂಡು ದಿಲ್ಲಿಯ ಕಡೆಯಿಂದ ಬಂದದ್ದು, ಕೇಸು ದಿಲ್ಲಿಯದು ಎಂದು ಬರೆದು ಹೋದ.

ಆಮೇಲೊಂದು ದಿನ ಆ ಫೋನಿನ ಹೆಂಗಸು ತಾವೇ ಕಚೇರಿಗೆ ಬಂದರು. ಎರಡು ಬಸ್ಸು ಬದಲಾಯಿಸಿ, ಅರಿಸಿನ ಬಣ್ಣದ ಓಢಣಿ ಹೊದ್ದು, ದೊಡ್ಡ ಹೆಜ್ಜೆ ಹಾಕುತ್ತಾ ಬಂದರು. ಹಳ್ಳಿಯಲ್ಲಿ ಎಲ್ಲರೂ ಅವರನ್ನು ತಾಈ ಎನ್ನುತ್ತಿದ್ದರು. ಆ ಕಡೆ ದೊಡ್ಡಮ್ಮನಿಗೆ ಹೇಳುವ ಹೆಸರು ಅದು. ಗಂಡ ಇಲ್ಲ. ಎಮ್ಮೆಗಳನ್ನು ಬಯಲಿಗೆ ಹೊಡೆದುಕೊಂಡು ಹೋದರೆ ಸಂಜೆಯವರೆಗೆ ಅಲ್ಲೇ. ಎಮ್ಮೆಗಳ ಜೊತೆಗೇ ಹಿಂಡು ಮೇಯುತ್ತಿತ್ತು. ಒಂಟಿಯಾಗಿ ಬದುಕುವ ಮನುಷ್ಯರಿಗೆ ಎದುರು ಮನೆಯವರು ಹೇಗೋ ಹಾಗೆ ಆ ಹಿಂಡು ಅವರಿಗೆ.

ಸಾಹೇಬರು ಅವರನ್ನು ಕುರ್ಚಿಯ ಮೇಲೆ ಕೂರಿಸಿ, ಚಹಾ ತರಿಸಿ, ಗಡಿಯ ವಿಚಾರವನ್ನು ಸಾವಧಾನವಾಗಿ ಹಿಂದಿಯಲ್ಲಿ ತಿಳಿಸಿದರು. "ತಾಈ, ಆ ಕಲ್ಲಿನಾಚೆ ಕಾಲಿಟ್ಟರೆ ನಾನು ಸರ್ಕಾರವೇ ಅಲ್ಲ. ಬರೀ ದಾರಿಹೋಕ."

"ಹಾಗಾದರೆ ದಾರಿಹೋಕನಾಗೇ ಬಾ" ಎಂದರು ತಾಈ. "ನಾನು ಕೋಲು ಹಿಡಿದು ಓಡುತ್ತೇನಲ್ಲ, ನನಗೇನು ಆ ಜಮೀನು ಬರೆದುಕೊಟ್ಟಿದ್ದಾರಾ?"

ತಾಈ ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿದರು. ಹೊರಡುವಾಗ ನನ್ನ ಮೇಜಿನ ಹತ್ತಿರ ನಿಂತರು. "ಫೋನಿನ ಛೋರೀ ನೀನೇನಾ? ಇಷ್ಟು ತೆಳ್ಳಗಿದ್ದೀಯ! ನನಗೆ ನಿನ್ನ ಕಾನೂನು ಬೇಡಮ್ಮ. ನಾನು ಕೂಗಿದಾಗ ಯಾರಾದರೂ ಬರಬೇಕು. ಅಷ್ಟೇ."

ಆ 'ಅಷ್ಟೇ' ನನ್ನ ಜೊತೆ ಮನೆಗೂ ಬಂತು.

ನಾನು ಸಾಹೇಬರ ಬೆನ್ನು ಹತ್ತಿದೆ. ಎರಡೂ ಕಡೆಯ ಅಧಿಕಾರಿಗಳು ಒಮ್ಮೆ ಕೂತು ಮಾತಾಡಿದರೆ ಸಾಕಲ್ಲವೇ ಎಂದೆ. ಅಧಿಕೃತ ಸಭೆ ಕರೆಯಲು ಇಬ್ಬರ ಮೇಲಧಿಕಾರಿಗಳ ಒಪ್ಪಿಗೆ ಬೇಕಿತ್ತು, ಅದು ಬರುವ ಲಕ್ಷಣ ಇರಲಿಲ್ಲ. "ದೋಸೆ ತಿನ್ನಲು ಯಾರ ಒಪ್ಪಿಗೆಯೂ ಬೇಡ ಸಾರ್" ಎಂದೆ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ಮಾವನ ಹೋಟೆಲಾ? ಚಲೋ."

ಮಾವನ ಹೋಟೆಲು ಕರೋಲ್ ಬಾಗಿನ ಒಂದು ಗಲ್ಲಿಯಲ್ಲಿತ್ತು. ಗುಡಗಾಂವಿನ ಅಧಿಕಾರಿ ಒಂದು ರಜೆಯ ದಿನ ಬಂದರು. ಒಳ್ಳೆಯ ಮನುಷ್ಯ. ದೋಸೆಯನ್ನು ರೊಟ್ಟಿಯ ಹಾಗೆ ಹರಿದು ತಿನ್ನುತ್ತಾ ತಮ್ಮ ಕಷ್ಟ ಹೇಳಿಕೊಂಡರು: ಇಡೀ ತಾಲೂಕಿಗೆ ಗಾರ್ಡುಗಳು ಬೆರಳೆಣಿಕೆ, ಗಾಡಿಯೇ ಇಲ್ಲ. "ನಾನು ಬರುತ್ತೇನೆಂದು ಮಾತು ಕೊಟ್ಟರೆ ಅದು ಸುಳ್ಳಾಗುತ್ತೆ ಸಾಹಬ್. ನಿಮ್ಮ ಹತ್ತಿರ ಜೀಪಾದರೂ ಇದೆ."

ಮಾವ ಚಟ್ನಿಯ ಪಾತ್ರೆ ಹಿಡಿದು ಪಕ್ಕದಲ್ಲೇ ನಿಂತಿದ್ದ. ಹಿಂದಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ನನಗೆ ಕನ್ನಡದಲ್ಲಿ. "ಇದೆಂತ ಮಾರಾಯ್ತಿ ನಿಮ್ಮ ಪಂಚಾಯ್ತಿ? ಜೀಪು ಈಚೆ ಉಂಟು, ಮಿಗ ಆಚೆ ಉಂಟು. ಜೀಪು ಆಚೆ ಹೋಗ್ಲಿಕ್ಕಾಗುದಿಲ್ಲ. ಮಿಗ ಈಚೆ ಬರ್ಬಹುದಲ್ಲ?"

"ಹೇಗೆ ಬರುತ್ತೆ ಮಾವ, ಚೀಟಿ ಕಳಿಸ್ಬೇಕಾ?"

"ತಿನ್ಲಿಕ್ಕೆ ಹಾಕಿದ್ರೆ ದನ ಬರುದಿಲ್ವಾ? ದಿನಾ ಮೂಟೆಗಟ್ಟಲೆ ಉದ್ದಿನ ಹೊಟ್ಟು ಹಿತ್ತಿಲಲ್ಲಿ ಕೊಳೀತಾ ಉಂಟು, ತಕೊಂಡು ಹೋಗಿ."

ಆಗ ದಿಲ್ಲಿಯಲ್ಲಿ ಸಿಗುತ್ತಿದ್ದದ್ದು ಹೆಚ್ಚಾಗಿ ಸಿಪ್ಪೆಯ ಕರಿಯ ಉದ್ದು. ಅದನ್ನು ನೆನೆಸಿ, ಕೈಯಿಂದ ಉಜ್ಜಿ, ತೇಲಿ ಬಂದ ಹೊಟ್ಟನ್ನು ಬಸಿದು ತೆಗೆದರೆ ಮಾತ್ರ ಇಡ್ಲಿ ಬೆಳ್ಳಗಾಗುತ್ತಿತ್ತು. ನಾನು ಮಾವ ಹೇಳಿದ್ದನ್ನು ಹಿಂದಿಯಲ್ಲಿ ಹೇಳಿದೆ, ತಮಾಷೆಯೆಂದೇ ಹೇಳಿದೆ. ಗುಡಗಾಂವಿನವರು ನಕ್ಕರು. ನಮ್ಮ ಸಾಹೇಬರು ನಗಲಿಲ್ಲ. ಲೋಟವನ್ನು ಕೆಳಗಿಟ್ಟು ಮಾವನನ್ನೇ ನೋಡಿದರು.

"ಒಣಗಿಸಿ ಕೊಡ್ತೀರಾ?" ಎಂದು ಕೇಳಿದರು.

ಹೀಗೆ ಅದು ತೀರ್ಮಾನವಾಯಿತು. ಗಡಿಯಿಂದ ಸಾಕಷ್ಟು ಈಚೆ, ನಾಲೆಯ ಏರಿಯ ಕೆಳಗೆ, ನೀರಾವರಿಯವರ ಒಂದು ಪಾಳು ಚೌಕಿ ಇತ್ತು. ಅದರ ಸುತ್ತ ಹೊಟ್ಟು ಮತ್ತು ಉಪ್ಪು ಹಾಕುವುದು, ಒಂದು ಸಿಮೆಂಟಿನ ತೊಟ್ಟಿಗೆ ನೀರು ತುಂಬುವುದು. ಬೇಸಿಗೆ ಬರುತ್ತಿತ್ತು, ಹುಲ್ಲು ಒಣಗುತ್ತಿತ್ತು. ಹಿಂಡು ಈ ಕಡೆಗೆ ಒಗ್ಗಿಕೊಂಡರೆ ಗುಂಡು ಹಾರಿದ ಜಾಗದ ಬಗ್ಗೆ ಯಾರೂ ತಕರಾರು ತೆಗೆಯುವಂತಿಲ್ಲ. ಠಾಣೆಯವರಿಗೂ ಸಾಹೇಬರು ಹೋಗಿ ಹೇಳಿ ಬಂದರು: ಚೌಕಿಯ ಹತ್ತಿರ ಎಂದು ಫೋನ್ ಬಂದರೆ ಪ್ರಶ್ನೆ ಕೇಳಬೇಡಿ, ಪೇದೆಯನ್ನು ಕಳಿಸಿ.

ಮಾವ ಹೋಟೆಲಿನ ಮಾಳಿಗೆಯ ಮೇಲೆ ಹೊಟ್ಟು ಹರವಿ ಒಣಗಿಸಿದ. ಪಾರಿವಾಳ ಓಡಿಸಲು ಪಾತ್ರೆ ತೊಳೆಯುವವನೊಡನೆ ದಿನವೂ ಜಗಳ. ಇನ್ಸ್‌ಪೆಕ್ಟರ್ ಬೆಳಿಗ್ಗೆ ಬಂದು ಮೂಟೆಗಳನ್ನು ಜೀಪಿಗೆ ಹಾಕಿಕೊಂಡು, ತಮ್ಮ ಪಾಲಿನ ಇಡ್ಲಿಯನ್ನೂ ಮುಗಿಸಿ ಹೊರಡುತ್ತಿದ್ದರು. ಗಸ್ತಿನ ಜೊತೆಗೆ ಮೇವು. ಮೊದಮೊದಲು ಹಾಕಿದ್ದು ಹಾಕಿದಂತೆಯೇ ಇರುತ್ತಿತ್ತು. ನರಿಗಳು ಕೆದರಿದ ಗುರುತು, ಎಮ್ಮೆಗಳ ಸೆಗಣಿ. ಆಮೇಲೆ ತಾಈ ತಾವೇ ಜೀಪಿನ ಹಿಂದೆ ಹತ್ತಿ ಕೂರಲು ಶುರುಮಾಡಿದರು. ಅವರ ವಾಸನೆ, ಅವರ ಧ್ವನಿ ಹಿಂಡಿಗೆ ಗೊತ್ತಿತ್ತು. ಗಡಿಯ ಆಚೆಯ ದಿಣ್ಣೆಗಳ ಹತ್ತಿರದಿಂದ ಜೀಪು ನಿಧಾನವಾಗಿ ಹೊರಡುವುದು, ತಾಈ ಹಿಂದಿನ ಹಲಗೆ ಇಳಿಸಿ ಕೂತು ಹಿಡಿಹಿಡಿ ಹೊಟ್ಟು ಚೆಲ್ಲುತ್ತಾ "ಆ ಜಾ, ಆ ಜಾ ಮ್ಹಾರೀ", ಬಾ ಬಾ ನನ್ನವಳೇ, ಎಂದು ಕರೆಯುವುದು.

ಗಡಿ ದಾಟುವ ಹಾಗಿಲ್ಲವಲ್ಲ ಎಂದು ನಾನು ಇನ್ಸ್‌ಪೆಕ್ಟರನ್ನು ಕೆಣಕಿದೆ. "ಕೇಸಿಗೆ ದಾಟುವ ಹಾಗಿಲ್ಲ ಮೇಡಂಜೀ. ಹೊಟ್ಟು ಚೆಲ್ಲಲು ದಾಟಬಾರದು ಅಂತ ಕಾಯಿದೆಯ ಯಾವ ಕಲಂನಲ್ಲಿದೆ?"

ಬೇಸಿಗೆ ಕಾಲು ಭಾಗ ಕಳೆಯುವಷ್ಟರಲ್ಲಿ ಹಿಂಡು ಜೀಪಿನ ಹಿಂದೆ ಬಂತು. ನಾನೂ ಒಂದು ಭಾನುವಾರ ಹೋಗಿ ನೋಡಿದೆ. ಅದುವರೆಗೆ ನನ್ನ ಪಾಲಿಗೆ ಅವು ಚೀಟಿಯ ಮೇಲೆ ಬರೆಯುವ ಒಂದು ಪದ. ಈಗ ನೋಡಿದರೆ ಮುಂದೆ ಒಂದು ದೊಡ್ಡ ಗಂಡು, ಬೆನ್ನು ಕಾಡಿಗೆ ಹಚ್ಚಿದ ಹಾಗೆ ಕಪ್ಪು, ಹೊಟ್ಟೆ ಹಾಲಿನ ಬಿಳಿ, ತಿರುಚಿದ ಉದ್ದ ಕೊಂಬು. ಹಿಂದೆ ಕಂದು ಬಣ್ಣದ ಹೆಣ್ಣುಗಳು, ಮರಿಗಳು. ಒಂದು ಮರಿಗೆ ಎಲ್ಲಿಂದ ಹುರುಪು ಬಂತೋ, ನಿಂತಲ್ಲೇ ನೆಗೆಯುತ್ತಿತ್ತು, ಕಾಲಿಗೆ ಸ್ಪ್ರಿಂಗ್ ಕಟ್ಟಿದ ಹಾಗೆ. ಇನ್ಸ್‌ಪೆಕ್ಟರ್ ಜೀಪು ನಿಲ್ಲಿಸಿ ಎರಡು ಸಲ ಮೆಲ್ಲಗೆ ಹಾರ್ನ್ ಒತ್ತಿದರು. ತಲೆಗಳೆಲ್ಲ ಒಟ್ಟಿಗೆ ಎದ್ದವು.

"ನೋಡಿ, ನನ್ನ ಹೆಂಡತಿ ಮಕ್ಕಳು ಕೂಡ ಹೀಗೆ ಓಡಿ ಬರುವುದಿಲ್ಲ!"

"ಸಿಹಿ ತಂದಿದ್ದರೆ ಬರುತ್ತಿದ್ದರು" ಎಂದರು ತಾಈ. "ನಿನ್ನ ಮುಖಕ್ಕೆ ಯಾರು ಬರುತ್ತಾರೆ?" ಎಂದು ಓಢಣಿಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ವ್ಯವಸ್ಥೆ ಕೆಲಸ ಮಾಡಿತು. ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ತಾಈ ಫೋನ್ ಮಾಡಿದರು: ಹೊಸ ಗಾಡಿಯೊಂದು ಹಳ್ಳಿಯ ಆಚೆ ನಿಂತಿದೆ, ಒಳಗೆ ಬಂದೂಕಿನ ಚೀಲ. ಗುಂಡು ಇನ್ನೂ ಹಾರಿರಲಿಲ್ಲ. ನಾನು ಏನೂ ಕೇಳದೆ ಚೀಟಿ ಬರೆದೆ, ಸಾಹೇಬರು ನಿಂತುಕೊಂಡೇ ಸಹಿ ಹಾಕಿದರು, ಠಾಣೆಯ ಪೇದೆ ರಸ್ತೆಗೇ ಬಂದು ಕಾದಿದ್ದ. ಬೇಟೆಯವರು ಏರಿ ಹತ್ತುವ ಮೊದಲೇ ಇನ್ಸ್‌ಪೆಕ್ಟರ್ ಅಡ್ಡ ನಿಂತರು. ಬಂದವರು ಶಹರದ ದೊಡ್ಡ ಮನೆಯವರು. ಬೈದರು, ಹೆದರಿಸಿದರು, ಕೊನೆಗೆ ತಿರುಗಿ ಹೋದರು. ಮಧ್ಯಾಹ್ನ ತಾಈ ಮತ್ತೆ ಫೋನ್ ಮಾಡಿ, "ಬಂದರು ಛೋರೀ, ಬಂದರು" ಎಂದು ಮಾತ್ರ ಹೇಳಿ ಇಟ್ಟರು. ನಾನು ಫೋನಿನ ಎದುರು ಕೂತು ಅತ್ತೆ. ಸಾಹೇಬರು ಒಳಗಿನಿಂದ, "ಏನಮ್ಮ, ಸಿಕ್ಕಿಬಿದ್ದರಾ?" ಎಂದರು. "ಇಲ್ಲ ಸಾರ್, ಉಳಿದವು" ಎಂದೆ.

ಚಳಿಗಾಲ ಬಂತು. ಜೀಲಿನ ಕಡೆಯಿಂದ ಮಂಜು ಎದ್ದು ಹತ್ತು ಮಾರು ಮುಂದಿನದು ಕಾಣದ ಬೆಳಗುಗಳು. ಅಂಥದೊಂದು ಬೆಳಿಗ್ಗೆ ಫೋನಿನಲ್ಲಿ ತಾಈಯ ಧ್ವನಿಯೇ ಅಲ್ಲ ಎನ್ನಿಸುವಂಥ ಧ್ವನಿ ಬಂತು. ಕೂಗುತ್ತಿರಲಿಲ್ಲ. "ಚೌಕಿ" ಎಂದರು. ಮತ್ತೆ "ಚೌಕಿ" ಎಂದರು. ಹಿಂದೆ ಜನರ ಗಲಾಟೆ.

ಜೀಪು ಅವತ್ತು ಹೋದಷ್ಟು ಬೇಗ ಹಿಂದೆಂದೂ ಹೋಗಿರಲಿಲ್ಲ. ಪಂಚನಾಮೆ ಬರೆಯಲು ಸಾಹೇಬರು ನನ್ನನ್ನೂ ಕರೆದುಕೊಂಡರು. ದಾರಿಯಲ್ಲಿ ಪೇದೆಯನ್ನು ಹತ್ತಿಸಿಕೊಂಡೆವು. ತಲುಪಿದಾಗ ಬೇಟೆಯವರು ಅಲ್ಲೇ ಇದ್ದರು. ಅವರ ಜೀಪಿನ ಎದುರಿಗೆ ಹಳ್ಳಿಯವರು ಎತ್ತಿನ ಗಾಡಿಗಳನ್ನು ಅಡ್ಡ ನಿಲ್ಲಿಸಿದ್ದರು. ಬಂದೂಕು, ತೋಟಾ, ಗಾಡಿ, ಮನುಷ್ಯರು, ಸಾಕ್ಷಿಗಳು, ದಿಲ್ಲಿಯ ನೆಲ. ಕಾನೂನಿಗೆ ಏನು ಬೇಕೋ ಎಲ್ಲ ಅಲ್ಲಿತ್ತು. ಅಂಥ ಕೇಸಿಗಾಗಿ ನಾವು ಎಷ್ಟು ಕಾಲ ಕಾದಿದ್ದೆವು!

ಹಿಂಡು ಚೌಕಿಯ ಎದುರಿಗೆ ಬಿದ್ದಿತ್ತು.

ಸಾಹೇಬರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಪಂಚನಾಮೆಯಲ್ಲಿ ಪ್ರಾಣಿ ಬಿದ್ದ ಜಾಗ, ಗಾಯ, ಓಡಿದ ದಿಕ್ಕು, ಗಾಡಿಯ ಚಕ್ರದ ಗುರುತು ಎಲ್ಲ ಬರೆಯಬೇಕು. ಜೀಪಿನಿಂದ ಅಟ್ಟಿ ಹೊಡೆದರೆ ನೆಲವೇ ಹೇಳುತ್ತದೆ. ಗೊರಸುಗಳು ಆಳಕ್ಕೆ ಇಳಿದಿರುತ್ತವೆ, ಮಣ್ಣು ಹಿಂದಕ್ಕೆ ಚಿಮ್ಮಿರುತ್ತದೆ, ಚಕ್ರದ ಗುರುತು ಸುತ್ತಿಕೊಂಡಿರುತ್ತದೆ. "ಓಡಿದ ದಿಕ್ಕು" ಎಂದು ಸಾಹೇಬರು ಹೇಳಿ ನಿಂತರು. ನಾನು ಪೆನ್ನು ಹಿಡಿದು ಕಾದೆ. ಅವರು ಬಗ್ಗಿ ನೆಲ ನೋಡುತ್ತಾ ಆ ಕಡೆಯಿಂದ ಈ ಕಡೆಗೆ ನಡೆದರು. ಚಕ್ರದ ಗುರುತು ನೇರವಾಗಿ ಬಂದು ಒಂದೇ ಕಡೆ ನಿಂತಿತ್ತು. ಗೊರಸಿನ ಗುರುತುಗಳು, ಪುಟ್ಟವೂ ದೊಡ್ಡವೂ, ಸಾಲಾಗಿ, ಸಮಾಧಾನದಲ್ಲಿ, ಜೀಪಿನ ಕಡೆಗೇ ಬಂದಿದ್ದವು.

ಬೇಟೆಯವರಲ್ಲಿ ಒಬ್ಬ, ಇನ್ನೂ ಮೀಸೆ ಸರಿಯಾಗಿ ಬಾರದವನು, ತನ್ನ ಪಾಲಿಗೆ ಅದೊಂದು ಸಮಜಾಯಿಷಿ ಎಂದುಕೊಂಡು ಸಾಹೇಬರಿಗೆ ಹೇಳಿದ: "ಸಾಬ್, ನಾವು ಅಟ್ಟಲೇ ಇಲ್ಲ. ಮಂಜಿನಲ್ಲಿ ದಾರಿ ಕಾಣದೆ ಗಾಡಿ ನಿಲ್ಲಿಸಿದ್ದೆವು. ಅವೇ ಬಂದವು. ಹತ್ತಿರ ಬಂದು ನಿಂತವು."

ಇನ್ಸ್‌ಪೆಕ್ಟರ್ ನಮ್ಮ ಜೀಪಿನ ಹಿಂದಕ್ಕೆ ಹೋದರು. ಅಲ್ಲಿ ಆ ದಿನದ ಹೊಟ್ಟಿನ ಮೂಟೆಗಳಿದ್ದವು. ಅವುಗಳ ಮೇಲೆ ಹಣೆಯಿಟ್ಟು ನಿಂತರು. ಆ ದೊಡ್ಡ ಮೈ ಅಲುಗುತ್ತಿದ್ದದ್ದು ಹಿಂದಿನಿಂದಲೇ ಕಾಣುತ್ತಿತ್ತು. ಸಾಹೇಬರು ನನ್ನ ಕಡೆ ತಿರುಗಿ ಕನ್ನಡದಲ್ಲಿ, ಇಡೀ ಹಳ್ಳಿಯ ಎದುರಿಗೆ, "ಏನ್ ಮಾಡಿಬಿಟ್ವಿ ಕಣಮ್ಮ" ಎಂದರು. ಪಂಚನಾಮೆಯಲ್ಲಿ 'ಓಡಿದ ದಿಕ್ಕು' ಎಂಬಲ್ಲಿ 'ಇಲ್ಲ' ಎಂದು ಬರೆದೆ.

ತಾಈ ಆ ದೊಡ್ಡ ಗಂಡಿನ ಪಕ್ಕ ಕೂತಿದ್ದರು. ಅದರ ಕಣ್ಣಿನ ಮೇಲೆ ಕೂರಲು ಬರುತ್ತಿದ್ದ ನೊಣಗಳನ್ನು ಕೈಯಿಂದ ಓಡಿಸುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಏನು ಹೇಳುವುದು? ನಮ್ಮ ಮೇಲೆ ಸಿಟ್ಟು ಮಾಡಿಕೊಂಡಿದ್ದರೆ ನನಗೆ ಒಂದಿಷ್ಟು ನಿರಾಳವಾಗುತ್ತಿತ್ತು. ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, "ಬೇಗ ಬಂದಿರಿ" ಎಂದರು.

ಪಶುವೈದ್ಯರು ಬಂದರು, ಮ್ಯಾಜಿಸ್ಟ್ರೇಟರ ಅನುಮತಿ ಬಂತು, ಏರಿಯ ಪಕ್ಕದಲ್ಲೇ ಹೂಳಲಾಯಿತು. ಆಮೇಲೆ ಕೇಸು ನಡೆಯಿತು, ಶಿಕ್ಷೆಯೂ ಆಯಿತು. ಅದರ ಸುದ್ದಿ ನಮ್ಮ ಇಲಾಖೆಯಲ್ಲಿ ಬಹಳ ಕಾಲ ಮಾದರಿಯಾಗಿ ಓಡಾಡಿತು. ಮಾವನಿಗೆ ನಾನು ಬೇಟೆಯವರು ಅಟ್ಟಿ ಹೊಡೆದರು ಎಂದು ಹೇಳಿದೆ. ಆದರೆ ಇನ್ಸ್‌ಪೆಕ್ಟರ್ ಮೂಟೆ ಒಯ್ಯಲು ಬಾರದ ಮೇಲೆ ಅವನಿಗೆ ತಿಳಿಯಿತು. ಒಂದು ಸಂಜೆ ಮಾಳಿಗೆಯ ಮೇಲೆ ಒಣಗಿದ್ದ ಹೊಟ್ಟನ್ನು ತಾನೇ ಗುಡಿಸಿ ಕೆಳಗಿಳಿಸಿ, "ನಾ ಸುಮ್ನೆ ಬಾಯಿ ಮುಚ್ಕೊಂಡು ಚಟ್ನಿ ಬಡಿಸ್ಬೇಕಿತ್ತು" ಎಂದ. ನಾನು ಸಮಾಧಾನ ಹೇಳಿದಷ್ಟೂ ತಲೆ ಅಡ್ಡಡ್ಡ ಆಡಿಸಿದ.

ಎಲ್ಲವೂ ಸತ್ತಿರಲಿಲ್ಲ. ಅವತ್ತು ಮಂಜಿನಲ್ಲಿ ಹಿಂದೆ ಉಳಿದವು ಕೆಲವಿದ್ದವು: ಒಂದು ಹೆಣ್ಣು, ಅದರ ಮರಿ, ಇನ್ನೂ ಮೈ ಕಪ್ಪಾಗದ ಒಂದು ಎಳೆಯ ಗಂಡು. ತಾಈ ಮತ್ತೆ ಫೋನ್ ಮಾಡಿದರು. "ಜೀಪು ತೆಗೆದುಕೊಂಡು ಬಾ ಛೋರೀ. ಅವು ಇನ್ನೂ ಬರುತ್ತಿವೆ. ಹಾಲಿನವನ ಗಾಡಿಯ ಹಿಂದೆ ಬಂದವು, ಟ್ರ್ಯಾಕ್ಟರಿನ ಹಿಂದೆ ಬಂದವು. ಯಾವ ಇಂಜಿನ್ನಿನ ಶಬ್ದವಾದರೂ ನೀವೇ ಅಂದುಕೊಳ್ಳುತ್ತವೆ. ಬಂದು ಹೆದರಿಸಿ."

ನಾನು ಸಾಹೇಬರಿಗೆ ಹೇಳಿದೆ. ಅವರೆಂದರು: "ಹೆದರಿಸಿದರೆ ಆ ಕಡೆಗೆ ಹೋಗಿಬಿಡುತ್ತವೆ. ಅಲ್ಲಿ ಏನಾದರೂ ಆದರೆ ನಾವು ಯಾರೂ ಹೋಗೋಕಾಗಲ್ಲ."

"ತಾಈಗೂ ಅದನ್ನೇ ಹೇಳಿದೆ ಸಾರ್. ಆ ಕಡೆ ಅವಕ್ಕೆ ಭಯವಾದರೂ ಜೊತೆಗಿರುತ್ತೆ ಅಂದರು."

ಸಾಹೇಬರು ಮೇಜಿನ ಮೇಲಿದ್ದ ಕೇಸಿನ ಫೈಲನ್ನು ಮುಚ್ಚಿದರು. "ಹೋಗಿ ಬನ್ನಿ. ಇನ್ಸ್‌ಪೆಕ್ಟರಿಗೆ ಪಟಾಕಿ ತಗೊಳ್ಳೋಕೆ ಹೇಳಿ."

ಮಂಜು ಕರಗಿ ಬಿಸಿಲು ಬಿದ್ದಿತ್ತು. ಹಳ್ಳಿಯಲ್ಲಿ ತಾಈಯನ್ನು ಹತ್ತಿಸಿಕೊಂಡು, ನಾಲೆಯ ಏರಿ ಇಳಿದು ಚೌಕಿಯ ಹತ್ತಿರ ನಿಂತೆವು. ಹಾರ್ನ್ ಒತ್ತಬೇಕಾಗಿಯೇ ಬರಲಿಲ್ಲ. ಹುಲ್ಲಿನ ಮರೆಯಿಂದ ಮೂರೂ ಹೊರಬಂದವು, ಕಿವಿ ಮುಂದೆ ಮಾಡಿಕೊಂಡು, ಮರಿ ಎಲ್ಲರಿಗಿಂತ ಮುಂದೆ. ಇನ್ಸ್‌ಪೆಕ್ಟರ್ ಸ್ಟಿಯರಿಂಗ್ ಹಿಡಿದು ಕೂತೇ ಇದ್ದರು. ಕೈಯಲ್ಲಿ ಪಟಾಕಿಯ ಸರ ಇತ್ತು, ಕಡ್ಡಿ ಗೀರಲು ಅವರಿಂದ ಆಗಲಿಲ್ಲ.

ತಾಈ ಇಳಿದರು. ಉತ್ತ ಹೊಲದಿಂದ ಒಂದು ಮಣ್ಣಿನ ಹೆಂಟೆ ತೆಗೆದುಕೊಂಡು ಎಸೆದರು. ಅದು ಹೆಣ್ಣಿನ ಕಾಲ ಹತ್ತಿರ ಬಿದ್ದು ಪುಡಿಯಾಯಿತು. ಅದು ಕುತ್ತಿಗೆ ಬಗ್ಗಿಸಿ, ಚೆಲ್ಲಿದ ಮಣ್ಣನ್ನು ಮೂಸಿತು. ಹೊಟ್ಟು ಎಂದುಕೊಂಡಿತ್ತು.

"ಹಟ್!" ಎಂದು ತಾಈ ಕೂಗಿದರು. ಎರಡನೆಯ ಹೆಂಟೆ ಅದರ ಪಕ್ಕೆಗೆ ತಗುಲಿತು. ಅದು ಅರ್ಧ ತಿರುಗಿ ನಿಂತು ತಾಈಯನ್ನೇ ನೋಡಿತು. "ಹಟ್! ಹಟ್! ಮರ್ ಜಾಣಿ, ಸಾಯೋಳೇ, ಹೋಗು!" ಮೂರನೆಯದು, ನಾಲ್ಕನೆಯದು. ನಾನೂ ಇಳಿದು ಎಸೆಯತೊಡಗಿದೆ. ನನ್ನ ಕೈಯಿಂದ ಹೋದ ಒಂದು ಮರಿಯ ಮೂತಿಗೆ ಬಡಿಯಿತು. ಅದು ಕೂಗಿಕೊಂಡಿತು. ಜಿಂಕೆಮರಿ ಕೂಗುತ್ತದೆ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಆಗ ಪಟಾಕಿ ಸಿಡಿಯಿತು, ಇನ್ಸ್‌ಪೆಕ್ಟರ್ ಹಾರ್ನಿನ ಮೇಲೆ ಅಂಗೈ ಒತ್ತಿ ಹಿಡಿದು ಜೀಪನ್ನು ನೇರವಾಗಿ ಅವುಗಳ ಮೇಲೆ ನುಗ್ಗಿಸಿದರು.

ಓಡಿದವು. ಕೊನೆಗೂ ಓಡಿದವು. ಬಿಳಿ ನೆಲದ ಮೇಲೆ ಉದ್ದುದ್ದ ನೆಗೆತ, ಹಿಂದೆ ಧೂಳು, ಧೂಳಿನ ಹಿಂದೆ ಜೀಪು. ಜೀಪು ಗಡಿಕಲ್ಲನ್ನು ದಾಟಿ ದಿಣ್ಣೆಗಳವರೆಗೂ ಅಟ್ಟಿ, ಹಾರ್ನ್ ನಿಲ್ಲಿಸದೆ ಒಂದು ಸುತ್ತು ಹಾಕಿ ಹಿಂದಿರುಗಿತು.

ಇನ್ಸ್‌ಪೆಕ್ಟರ್ ಮುಖ ಒರೆಸಿಕೊಂಡು, "ಹತ್ತಿ ತಾಈ, ಹಳ್ಳಿಯವರೆಗೆ ಬಿಡುತ್ತೇನೆ" ಎಂದರು.

ತಾಈ ಹತ್ತಲಿಲ್ಲ. ದಿಣ್ಣೆಗಳ ಕಡೆ ನೋಡುತ್ತಿದ್ದರು. "ಅವು ಅಲ್ಲಿಂದ ನೋಡುತ್ತಿರುತ್ತವೆ. ನಾನು ಇದರಲ್ಲಿ ಹತ್ತಿದ್ದು ಕಂಡರೆ ಮತ್ತೆ ಬರುತ್ತವೆ. ನೀವು ಹೋಗಿ."

ನಾವು ಹೊರಟೆವು. ನಾನು ಜೀಪಿನ ಹಿಂದೆ, ಅವರು ಕೂರುತ್ತಿದ್ದ ಜಾಗದಲ್ಲಿ ಕೂತಿದ್ದೆ. ಸ್ವಲ್ಪ ದೂರ ಬಂದಿರಬೇಕು, ತಾಈ ಬಗ್ಗಿ ಇನ್ನೊಂದು ಹೆಂಟೆ ತೆಗೆದುಕೊಂಡರು. ಮೈಯ ಬಲವನ್ನೆಲ್ಲ ಕೈಗೆ ತಂದುಕೊಂಡು ನಮ್ಮ ಕಡೆಗೇ ಎಸೆದರು. ಅದು ಹಿಂದಿನ ಹಲಗೆಗೆ ಬಡಿದು ಒಡೆಯಿತು. ಆಮೇಲೆ ಮತ್ತೊಂದು. ಇನ್ಸ್‌ಪೆಕ್ಟರ್ ಕನ್ನಡಿಯಲ್ಲಿ ನೋಡಿ ಗಾಡಿಯನ್ನು ನಿಧಾನ ಮಾಡಿದರು.

"ನಿಲ್ಲಿಸಬೇಡಿ" ಎಂದೆ. "ಎಸೆಯಲಿ."